ಮೌಸ್ ಮುಟ್ಟಿದರೆ ಮೋಡೆಮ್ ನಿಲ್ಲುವುದು ಐಆರ್‌ಕ್ಯೂ 4ರ ಜಗಳ

ನಿಮ್ಮ 386 ಕಂಪ್ಯೂಟರಿನಲ್ಲಿ ಮೌಸ್ ಕಾಮ್ 1 ಎಂಬ ಸೀರಿಯಲ್ ಪೋರ್ಟಿನಲ್ಲಿದೆ, ಇಂಟರ್ನಲ್ ಮೋಡೆಮ್ ಕಾಮ್ 3ರಲ್ಲಿದೆ, ಫೋನ್ ಮೂಲಕ ಬೇರೆ ಕಂಪ್ಯೂಟರಿಗೆ ಸೇರಿಸುವ ಟೆಲಿಕ್ಸ್ ಪ್ರೋಗ್ರಾಮಿನಲ್ಲಿ ಲೈನ್ ಸಿಕ್ಕ ಮೇಲೆ ಮೌಸ್ ಅಲುಗಿದರೆ ಎಲ್ಲಾ ಸ್ತಬ್ಧ ಅಂತ ಬರೆದಿದ್ದೀರಿ. ಮೋಡೆಮ್ ಕೆಟ್ಟಿರಲಿಕ್ಕಿಲ್ಲ, ದಯವಿಟ್ಟು ಎಸೆಯಬೇಡಿ.

ಕಾಮ್ 1ರ ವಿಳಾಸ 3ಎಫ್8, ಕಾಮ್ 3ರದ್ದು 3ಇ8. ವಿಳಾಸ ಬೇರೆ ಬೇರೆ, ಆದರೆ ವಾಡಿಕೆಯಲ್ಲಿ ಎರಡಕ್ಕೂ ಐಆರ್‌ಕ್ಯೂ 4 ಒಂದೇ. ಐಆರ್‌ಕ್ಯೂ ಅಂದರೆ ಕಾರ್ಡು ಪ್ರೊಸೆಸರನ್ನು ಕರೆಯುವ ಸಂಕೇತದ ದಾರಿ. ಕಾರ್ಡುಗಳನ್ನು ಕೂರಿಸುವ ಹಳೆಯ ಐಎಸ್‌ಎ ಬಸ್‌ನಲ್ಲಿ ಎರಡು ಕಾರ್ಡ್ ಒಂದೇ ಹೊತ್ತಿಗೆ ಒಂದೇ ಐಆರ್‌ಕ್ಯೂ ಬಳಸಿದರೆ ಕೆಲಸ ಕೆಡುತ್ತದೆ. ಡಯಲ್ ಆಗುವವರೆಗೆ ಮೌಸ್ ಸುಮ್ನೆ ಇರುತ್ತದಲ್ವಾ, ಅದಕ್ಕೇ ಅಷ್ಟು ಹೊತ್ತು ಸರಿ ಕಾಣುತ್ತದೆ.

ಮೋಡೆಮ್ ಕಾರ್ಡಿನ ಜಂಪರ್ (ಪಿನ್ನುಗಳ ಮೇಲಿನ ಪುಟ್ಟ ಕ್ಯಾಪ್) ಬದಲಿಸಿ ಕಾಮ್ 2, ಐಆರ್‌ಕ್ಯೂ 3ಕ್ಕೆ ಹಾಕಿ. ಅದಕ್ಕೂ ಮೊದಲು ಸೀರಿಯಲ್ ಪೋರ್ಟ್ ಇರುವ ಐ/ಓ ಕಾರ್ಡಿನಲ್ಲಿ ಎರಡನೇ ಪೋರ್ಟನ್ನು ಆಫ್ ಮಾಡಲೇಬೇಕು. ಬಹಳ ಜನ ಇದನ್ನೇ ಮರೆಯುತ್ತಾರೆ, ಆಮೇಲೆ ಎರಡು ಕಾಮ್ 2 ಆಗಿ ಮೋಡೆಮ್ ಉತ್ತರವನ್ನೇ ಕೊಡುವುದಿಲ್ಲ. ಕೊನೆಗೆ ಟೆಲಿಕ್ಸ್‌ನಲ್ಲೂ ಪೋರ್ಟ್ ಬದಲಿಸಿ, ಮೋಡೆಮಿಗೆ ಕೊಡುವ ಆದೇಶ ಎಟಿ (AT) ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಓಕೆ ಬಂದರೆ ಗೆದ್ದಂತೆ.

ಪರದೆ ಮೇಲೆ ಚೌಕ ಕಂಸ, ಅಂಕೆಗಳ ಕಸ ಬರುತ್ತಿರುವುದು ಬೇರೆ ವಿಷಯ. ಟರ್ಮಿನಲ್ ಎಮ್ಯುಲೇಶನ್, ಅಂದರೆ ಪರದೆಯ ಸಂಕೇತಗಳನ್ನು ಅರ್ಥಮಾಡಿಕೊಳ್ಳುವ ಬಗೆ, ಬರೀ ಅಕ್ಷರ ತೋರಿಸುವ ಟಿಟಿವೈನಲ್ಲಿ ಉಳಿದಿರಬೇಕು. ಬಿಬಿಎಸ್‌ಗೆ (ಡಯಲ್ ಮಾಡಿ ಸೇರುವ ಸಂದೇಶ ಫಲಕ) ಆನ್ಸಿ, ಯೂನಿಕ್ಸ್ ಲಾಗಿನ್‌ಗೆ ವಿಟಿ102 ಇಡಿ. ಅಕ್ಷರಗಳೇ ಕಲಸಿಹೋಗಿದ್ದರೆ ಮಾತ್ರ 8ಎನ್1, 7ಇ1 (ಡೇಟಾ ಬಿಟ್, ಪ್ಯಾರಿಟಿ, ಸ್ಟಾಪ್ ಬಿಟ್) ಸೆಟ್ಟಿಂಗ್ ನೋಡಿ.

ಡಾಸ್ 6 ಇದ್ದರೆ ಅದರ ಜೊತೆಗೆ ಬರುವ ತಪಾಸಣೆ ಪ್ರೋಗ್ರಾಂ ಎಂಎಸ್‌ಡಿ ಓಡಿಸಿ, ಸೀರಿಯಲ್ ಪೋರ್ಟ್ ನಡೆಸುವ ಯುಎಆರ್‌ಟಿ ಚಿಪ್ 8250ಯಾ 16550ಯಾ ಅಂತ ತಿಳಿಸಿ. ಸ್ಪೀಡ್ ಎಷ್ಟು ಇಡಬಹುದು ಅಂತ ಆಗ ಹೇಳುತ್ತೇನೆ.