ಪಿಡಿಎಫ್ ತಂತ್ರಾಂಶ: ಕೊಳ್ಳುವ ಮುನ್ನ ಒಂದು ಸಾಲು ನಕಲಿಸಿ ನೋಡಿ

ನಮಸ್ಕಾರ. ಸಹಕಾರ ಸಂಘದ ಹಳೆಯ ವಾರ್ಷಿಕ ವರದಿಗಳ ಪಿಡಿಎಫ್‌ಗಳನ್ನು ವರ್ಡ್‌ಗೆ ತಂದು ತಿದ್ದಲು ಅಗ್ಗದ ತಂತ್ರಾಂಶ ಯಾವುದೆಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಹಣ ಕಟ್ಟಬೇಡಿ.

ಮೊದಲು ಪಿಡಿಎಫ್‌ನ ಒಂದು ಸಾಲನ್ನು ನಕಲಿಸಿ ನೋಟ್‌ಪ್ಯಾಡ್‌ನಲ್ಲಿ ಅಂಟಿಸಿ. ಕನ್ನಡವೇ ಮೂಡಿದರೆ ಅದು ಯೂನಿಕೋಡ್, ಅಂದರೆ ಎಲ್ಲ ಗಣಕಗಳಿಗೂ ಅರ್ಥವಾಗುವ ಇಂದಿನ ಅಕ್ಷರ ಸಂಕೇತ. ವರ್ಡ್ 2013 ಅಥವಾ ನಂತರದ ಆವೃತ್ತಿಯಲ್ಲಿ ನೇರವಾಗಿ ತೆರೆಯಬಹುದು. ಒತ್ತಕ್ಷರಗಳು ಅಲ್ಲಲ್ಲಿ ಚದುರಿರಬಹುದು, ಒಮ್ಮೆ ಓದಿ ಸರಿಪಡಿಸಿಕೊಳ್ಳಿ. ‘ನ’ ಇರಬೇಕಾದ ಕಡೆ ಪೌಂಡ್ ಚಿಹ್ನೆ ಕಂಡರೆ ಅದು ನುಡಿಯಂಥ ಹಳೆಯ ಆಸ್ಕಿ ಫಾಂಟ್, ಅಂದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತಗಳಿಗೇ ಕನ್ನಡದ ರೂಪ ತೊಡಿಸಿದ್ದು. ಎಷ್ಟೇ ದುಬಾರಿಯ ಪಿಡಿಎಫ್ ಪರಿವರ್ತಕವೂ ಸಾಮಾನ್ಯವಾಗಿ ಇಲ್ಲಿ ಸೋಲುತ್ತದೆ. ಉಚಿತವಾಗಿ ಸಿಗುವ ಆಸ್ಕಿ–ಯೂನಿಕೋಡ್ ಪರಿವರ್ತಕವೇ ಬೇಕು. ಸಾಲು ಆಯ್ಕೆಯೇ ಆಗದಿದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ. ಚಿತ್ರದಲ್ಲಿನ ಅಕ್ಷರಗಳನ್ನು ಪಠ್ಯವಾಗಿಸುವ ಉಚಿತ ತಂತ್ರಾಂಶ ಟೆಸೆರಾಕ್ಟ್‌ಗೆ ಕನ್ನಡ ಓದಲು ಬರುತ್ತದೆ. ಅಂಕಿಗಳನ್ನು ಮಾತ್ರ ಮೂಲದೊಂದಿಗೆ ತಾಳೆ ನೋಡಲೇಬೇಕು.

ಪುಟ ಸೇರಿಸಲು, ಬೇರ್ಪಡಿಸಲು ವಿಂಡೋಸ್‌ನಲ್ಲಿ ಪಿಡಿಎಫ್24 ಕ್ರಿಯೇಟರ್ ಸಾಕು. ಸಣ್ಣ ತಿದ್ದುಪಡಿಗೆ ಲಿಬ್ರೆಆಫೀಸ್ ಡ್ರಾ. ಎರಡೂ ಉಚಿತ, ಅಂತರ್ಜಾಲವಿಲ್ಲದೆಯೂ ನಡೆಯುತ್ತವೆ. ಸದಸ್ಯರ ಆಧಾರ್, ಸಾಲದ ವಿವರಗಳಿರುವ ಕಡತಗಳನ್ನು ಕಂಡಕಂಡ ಜಾಲತಾಣಗಳಿಗೆ ಏರಿಸಲೇಬೇಡಿ. ಅದು ನಿಮ್ಮನ್ನು ನಂಬಿ ಕೊಟ್ಟ ಮಾಹಿತಿ.

ಇಷ್ಟಾದರೂ ಕೊಳ್ಳಬೇಕೆನಿಸಿದರೆ ವಾರ್ಷಿಕ ಚಂದಾಕ್ಕಿಂತ ಒಂದೇ ಬಾರಿ ಹಣ ಕೊಡುವ ಪರವಾನಗಿಯನ್ನು ಹುಡುಕಿ. ಪ್ರಾಯೋಗಿಕ ಆವೃತ್ತಿಯಲ್ಲಿ ನಿಮ್ಮದೇ ವರದಿಯ ಕೋಷ್ಟಕವಿರುವ ಪುಟವೊಂದನ್ನು ಹಾಕಿ ನೋಡಿದ ಮೇಲೆ ತೀರ್ಮಾನಿಸಿ.