ರಕ್ತನಿಧಿಯಲ್ಲಿ ಹಳೆಯದಾದ ರಕ್ತ ಏರಿಸಿದರೆ ಹೆಪ್ಪುಗಟ್ಟುವ ಅಪಾಯವಿದೆಯೇ?

ರಾಯಚೂರಿನ ಆಸ್ಪತ್ರೆಯಲ್ಲಿ ಅಮ್ಮನಿಗೆ ಏರಿಸಿದ ರಕ್ತ 30 ದಿನ ಹಳೆಯದು, ಅದರಿಂದ ನಾಳದಲ್ಲಿ ರಕ್ತ ಹೆಪ್ಪುಗಟ್ಟೀತೇ ಎಂದು ಕೇಳಿದ್ದೀರಿ. ಅನುಮಾನಕ್ಕೆ ಆಧಾರವಿದೆ, ಗಾಬರಿಗೆ ಇಲ್ಲ.

ಸಂರಕ್ಷಕ ದ್ರಾವಣ ಬೆರೆಸಿದ ಕೆಂಪು ರಕ್ತಕಣಗಳನ್ನು 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿ 42 ದಿನ ಇಡಬಹುದು. ದಿನ ಕಳೆದಂತೆ ಕಣಗಳು ಸೊರಗಿ, ಅವುಗಳ ಪೊರೆಯಿಂದ ಸೂಕ್ಷ್ಮ ಗುಳ್ಳೆಗಳು ಕಳಚಿಕೊಳ್ಳುತ್ತವೆ. ಸಾಮಾನ್ಯವಾಗಿ ಪೊರೆಯ ಒಳಮೈಯಲ್ಲಿ ಅಡಗಿರುವ ಫಾಸ್ಫಟಿಡಿಲ್‌ಸೆರಿನ್ ಎಂಬ ಕೊಬ್ಬಿನಂಶ ಈ ಗುಳ್ಳೆಗಳಲ್ಲಿ ಹೊರಮೈಗೆ ಬಂದುಬಿಡುತ್ತದೆ. ಹೆಪ್ಪುಗಟ್ಟಿಸುವ ಪ್ರೋಟೀನುಗಳಿಗೆ ಬೇಕಿರುವುದೇ ಅದು. ಅದರ ಮೇಲೆ ನೆಲೆನಿಂತು ಅವು ಥ್ರಾಂಬಿನ್ ಎಂಬ ಕಿಣ್ವವನ್ನು ತಯಾರಿಸುತ್ತವೆ, ಥ್ರಾಂಬಿನ್‌ನಿಂದ ಹೆಪ್ಪಿನ ಬಲೆಯಾಗುವ ಫೈಬ್ರಿನ್ ಎಳೆಗಳು ಹೆಣೆದುಕೊಳ್ಳುತ್ತವೆ. ಒಡೆದ ಕಣಗಳಿಂದ ಸೋರಿದ ಹಿಮೋಗ್ಲೋಬಿನ್ನಿನದು ಇನ್ನೊಂದು ಕಿತಾಪತಿ: ರಕ್ತನಾಳವನ್ನು ಸಡಿಲವಾಗಿಡುವ ನೈಟ್ರಿಕ್ ಆಕ್ಸೈಡನ್ನು ಅದು ನುಂಗಿಹಾಕುತ್ತದೆ.

ಇದೆಲ್ಲ ಬಹುಪಾಲು ಪ್ರಯೋಗಾಲಯದಲ್ಲಿ ಕಂಡದ್ದು. 2015 ಮತ್ತು 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನಗಳಲ್ಲಿ ತಾಜಾ ರಕ್ತ ಪಡೆದವರಲ್ಲಿ ಸಾವಿನ ಪ್ರಮಾಣವೇನೂ ಇಳಿಯಲಿಲ್ಲ. ಚೀಲದ ವಯಸ್ಸಿಗಿಂತ, ರಾಯಚೂರಿನ ಮೇ ತಿಂಗಳ ಬಿಸಿಲಿನಲ್ಲಿ ಅದನ್ನು ಕ್ಯಾರಿಬ್ಯಾಗಿನಲ್ಲಿ ಒಯ್ಯುವವರನ್ನು ಕಂಡರೆ ನನಗೆ ಹೆಚ್ಚು ಭಯ. ಅಮ್ಮನ ಒಂದೇ ಕಾಲು ಊದಿ ನೋಯುತ್ತಿದ್ದರೆ, ಎದೆನೋವು ಅಥವಾ ಏದುಸಿರು ಕಾಣಿಸಿಕೊಂಡರೆ ಕೂಡಲೇ ವೈದ್ಯರಿಗೆ ತೋರಿಸಿ.