ಕಂಪನಿಗೆ ಲೈಸೆನ್ಸ್ ಇತ್ತು, ಮತ್ತೆ ಗಲಾಟೆ ಯಾಕೆ?

ಪ್ರಶ್ನೆ: ಸರ್, ನಾನು ಶಿರಸಿ ಕಡೆಯವನು, ಈಗ ಕೆನಡಾದ ವಿಕ್ಟೋರಿಯಾದಲ್ಲಿದ್ದೇನೆ. ಇದೇ ವ್ಯಾಂಕೂವರ್ ದ್ವೀಪದ ಫೇರಿ ಕ್ರೀಕ್ ಕಣಿವೆಯಲ್ಲಿ 2021ರಲ್ಲಿ ಹಳೇ ಕಾಡು ಉಳಿಸಲು ಹೋಗಿ ಸಾವಿರಕ್ಕೂ ಹೆಚ್ಚು ಜನ ಅರೆಸ್ಟ್ ಆದರಂತೆ. ಆದರೆ ಕಂಪನಿಗೆ ಲೈಸೆನ್ಸ್ ಇತ್ತು. ಕಡಿದಲ್ಲಿ ಸಸಿಯನ್ನೂ ನೆಡುತ್ತಾರೆ. ಅಲ್ಲಿನ ಮೂಲನಿವಾಸಿ ಮುಖಂಡರೇ ಹೋರಾಟಗಾರರಿಗೆ 'ಹೊರಡಿ' ಅಂದಿದ್ದರಂತೆ. ಹಾಗಾದರೆ ಈ ಗಲಾಟೆ ಯಾಕೆ? ಏನಾದರೂ ಉಳಿಯಿತಾ?

ಉತ್ತರ: ನೀವು ಹೇಳಿದ್ದರಲ್ಲಿ ಸುಳ್ಳು ಯಾವುದೂ ಇಲ್ಲ. ಆದರೂ ಆ ಗಲಾಟೆ ದಂಡ ಅಂತ ನನಗೆ ಅನಿಸುವುದಿಲ್ಲ.

ಮೊದಲು ಲೈಸೆನ್ಸ್. ನೀವಿರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಕಾಡಿನ ಬಹುಪಾಲು ಸರ್ಕಾರದ್ದು, ಕಂಪನಿಗೆ ಸಿಗುವುದು ಕಡಿಯುವ ಹಕ್ಕು ಮಾತ್ರ. ಫೇರಿ ಕ್ರೀಕ್ ಸುತ್ತಲಿನ ಹಕ್ಕು ಟೀಲ್-ಜೋನ್ಸ್ ಕಂಪನಿಯ ಕೈಯಲ್ಲಿತ್ತು. ಅಂದರೆ ಇದು ನಮ್ಮ ಕಡೆಯ ಕಳ್ಳನಾಟಾ ವ್ಯವಹಾರವಲ್ಲ, ಎಲ್ಲಾ ಕಾಗದಪತ್ರ ಸರಿಯಿದ್ದ ವ್ಯವಹಾರ. ಕಾನೂನೇ 'ಕಡಿಯಿರಿ' ಅನ್ನುವಾಗ ಅಡ್ಡ ಹಾಕುವವರಿಗೆ ಉಳಿಯುವುದು ರಸ್ತೆ ಒಂದೇ. 2020ರ ಆಗಸ್ಟ್‌ನಲ್ಲಿ ಕಣಿವೆಯ ಮೇಲ್ಭಾಗಕ್ಕೆ ರಸ್ತೆ ಕೊರೆಯುತ್ತಿದ್ದಾಗ ಜನ ಅಲ್ಲಿಗೆ ಹೋಗಿ ಕೂತರು. ಕಂಪನಿ ಕೋರ್ಟಿಗೆ ಹೋಯಿತು, 2021ರ ಏಪ್ರಿಲ್‌ನಲ್ಲಿ ರಸ್ತೆ ತಡೆಯಬಾರದು ಅಂತ ತಡೆಯಾಜ್ಞೆ ಸಿಕ್ಕಿತು, ಮೇ ತಿಂಗಳಲ್ಲಿ ಪೊಲೀಸರು ಒಳಗೆ ಬಂದರು. ಕೇಸು ಬಿದ್ದವರಲ್ಲಿ ಹೆಚ್ಚಿನವರ ಮೇಲೆ ಬಂದ ಆರೋಪ ನ್ಯಾಯಾಂಗ ನಿಂದನೆ. ಮರ ಕಡಿಯುವುದು ಸರಿಯೋ ತಪ್ಪೋ ಅನ್ನುವುದು ಆ ಕೇಸುಗಳಲ್ಲಿ ಚರ್ಚೆಗೇ ಬರುವುದಿಲ್ಲ, ಆಜ್ಞೆ ಮೀರಿದಿರಾ ಇಲ್ಲವಾ ಅಷ್ಟೇ ಪ್ರಶ್ನೆ.

ಅವರು ಅಡ್ಡ ಹಾಕುತ್ತಿದ್ದ ರೀತಿ ನೋಡಿದರೆ ಉದ್ದೇಶ ತಿಳಿಯುತ್ತದೆ. ರಸ್ತೆಯಲ್ಲೇ ಗುಂಡಿ ತೋಡಿ ಪೈಪ್ ಹೂಳುವುದು, ಒಬ್ಬರು ನೆಲದ ಮೇಲೆ ಮಲಗಿ ಅದರೊಳಗೆ ತೋಳು ಇಳಿಸಿ ತಳದಲ್ಲಿ ಸರಪಳಿಗೆ ಸಿಕ್ಕಿಸಿಕೊಳ್ಳುವುದು. ಎಳೆದರೆ ತೋಳಿಗೇ ಪೆಟ್ಟು, ಹಾಗಾಗಿ ಪೊಲೀಸರು ಸುತ್ತಲೂ ಹುಷಾರಾಗಿ ಅಗೆಯುತ್ತಾ ಕೂರಬೇಕು. ಒಬ್ಬರನ್ನು ಎಬ್ಬಿಸುವಷ್ಟರಲ್ಲಿ ಗಂಟೆಗಟ್ಟಲೆ ಕಳೆಯುತ್ತದೆ, ಅಷ್ಟು ಹೊತ್ತೂ ಲಾರಿ ನಿಂತಲ್ಲೇ. ಕಂಪನಿಯನ್ನು ಸೋಲಿಸುತ್ತೇವೆ ಅನ್ನುವ ಭ್ರಮೆ ಇಂಥವರಿಗೆ ಜಾಸ್ತಿ ಇರುವುದಿಲ್ಲ. ಕಡಿಯುವುದು ನಿಧಾನವಾಗಬೇಕು, ದುಬಾರಿಯಾಗಬೇಕು, ಅಷ್ಟರಲ್ಲಿ ಸರ್ಕಾರಕ್ಕೆ ಮುಜುಗರವಾಗಿ ಅದು ಬಾಯಿ ಬಿಡಬೇಕು. 1993ರಲ್ಲಿ ಇದೇ ದ್ವೀಪದ ಕ್ಲಾಕ್ವಟ್ ಸೌಂಡ್‌ನಲ್ಲಿ ಎಂಟುನೂರಕ್ಕೂ ಹೆಚ್ಚು ಜನ ಅರೆಸ್ಟ್ ಆದಾಗಲೂ ಲೆಕ್ಕಾಚಾರ ಇದೇ.

ಇನ್ನು ಸಸಿ ನೆಡುವ ಮಾತು. ನೆಡುವುದು ನಿಜ, ಅದು ಕಂಪನಿಯ ಕಾನೂನುಬದ್ಧ ಕರ್ತವ್ಯ ಕೂಡ. ಆದರೆ ಆ ಕರಾವಳಿಯಲ್ಲಿ 'ಹಳೇ ಕಾಡು' ಅನ್ನಿಸಿಕೊಳ್ಳಲು ಮರಕ್ಕೆ 250 ವರ್ಷ ದಾಟಿರಬೇಕು. ಫೇರಿ ಕ್ರೀಕ್‌ನ ಕೆಲವು ಹಳದಿ ಸೀಡರ್‌ಗಳಿಗೆ ಸಾವಿರ ವರ್ಷದ ಮೇಲಾಗಿದೆ. ನೆಟ್ಟ ಮರಕ್ಕೆ ಅಷ್ಟು ವಯಸ್ಸಾಗಲು ಬಿಡುವವರು ಯಾರು? ಅರವತ್ತೋ ಎಂಬತ್ತೋ ವರ್ಷಕ್ಕೆ ಮತ್ತೆ ಗರಗಸ ಬರುತ್ತದೆ. ಅಲ್ಲಿ ಮಾರ್ಬಲ್ಡ್ ಮರ್ಲೆಟ್ ಅಂತ ಒಂದು ಕಡಲ ಹಕ್ಕಿ ಇದೆ. ಮೀನು ಹಿಡಿಯುವುದು ಸಮುದ್ರದಲ್ಲಿ, ಮೊಟ್ಟೆ ಇಡುವುದು ಮಾತ್ರ ಹೆಚ್ಚಾಗಿ ಒಳನಾಡಿನ ಹಳೇ ಮರದ ಮೇಲೆ. ಗೂಡು ಕಟ್ಟುವ ಗೋಜೇ ಇಲ್ಲ. ದಪ್ಪ ಕೊಂಬೆಯ ಮೇಲೆ ಮೆತ್ತಗೆ ಬೆಳೆದ ಹಾವಸೆಯಲ್ಲಿ ಸಣ್ಣ ತಗ್ಗು ಸಿಕ್ಕರೆ ಸಾಕು, ಒಂದೇ ಒಂದು ಮೊಟ್ಟೆ. ಅಂಥ ಕೊಂಬೆ, ಅಷ್ಟು ಹಾವಸೆ ಎಳೇ ಮರದಲ್ಲಿ ಎಲ್ಲಿಂದ ಬರಬೇಕು?

ನಿಮ್ಮ ಮೂರನೇ ಮಾತು ನನಗೂ ಕಸಿವಿಸಿಯದ್ದು. ಅದು ಪಚೀಡಾಟ್ ಅನ್ನುವ ಮೂಲನಿವಾಸಿ ಜನರ ನೆಲ. ಅವರಿಗೆ ನಾಟಾ ವ್ಯವಹಾರದಿಂದ ಆದಾಯವಿದೆ. 2021ರ ಏಪ್ರಿಲ್‌ನಲ್ಲಿ ಅವರ ಮುಖಂಡರು ಹೊರಗಿನವರು ಹೋಗಲಿ ಅಂದದ್ದು ಹೌದು, ಅದೇ ಸಮುದಾಯದ ಹಿರಿಯ ಬಿಲ್ ಜೋನ್ಸ್ ಹೋರಾಟಗಾರರ ಜೊತೆ ನಿಂತದ್ದೂ ಹೌದು. ನಮ್ಮ ಅಪ್ಪಿಕೋ ಚಳವಳಿ ಜೊತೆ ಇದನ್ನು ಹೋಲಿಸುವವರು ಇಲ್ಲಿ ಎಡವುತ್ತಾರೆ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಹತ್ತಿರದ ಸಾಲ್ಕಣಿಯಲ್ಲಿ ಮರ ಅಪ್ಪಿಕೊಂಡವರು ಅದೇ ಊರ ಸುತ್ತಿನವರು, ಅವರ ತೋಟ, ಅವರ ಹಳ್ಳದ ನೀರು ಆ ಕಾಡನ್ನೇ ನಂಬಿತ್ತು. ಫೇರಿ ಕ್ರೀಕ್‌ಗೆ ಬಂದವರಲ್ಲಿ ಬಹಳಷ್ಟು ಜನ ದೂರದವರು. ನೆಲದ ಒಡೆಯರು ಬೇಡ ಅಂದ ಮೇಲೂ ಕೂರುವುದಕ್ಕೆ ಗಟ್ಟಿ ಉತ್ತರ ಬೇಕಿತ್ತು, ಅವರಲ್ಲಿ ಎಲ್ಲರ ಹತ್ತಿರವೂ ಅದು ಇರಲಿಲ್ಲ ಅಂತಲೇ ನನಗನಿಸುತ್ತದೆ.

ಆದರೆ ಮುಂದೇನಾಯಿತು ನೋಡಿ. 2021ರ ಜೂನ್‌ನಲ್ಲಿ ಪಚೀಡಾಟ್ ಸೇರಿ ಮೂರು ಮೂಲನಿವಾಸಿ ಸಮುದಾಯಗಳೇ ಫೇರಿ ಕ್ರೀಕ್ ಮತ್ತು ಪಕ್ಕದ ವಾಲ್ಬ್ರನ್‌ನಲ್ಲಿ ಎರಡು ವರ್ಷ ಕಡಿತ ನಿಲ್ಲಿಸಿ ಅಂದವು. ಸರ್ಕಾರ ಕೆಲವೇ ದಿನದಲ್ಲಿ ಒಪ್ಪಿತು, ಸುಮಾರು 2,000 ಹೆಕ್ಟೇರ್. ಕೇಳಿದ್ದು ಒಡೆಯರು, ನಿಜ. ಅಷ್ಟು ಬೇಗ ಹೂಂ ಅನ್ನಲು ರಸ್ತೆಯಲ್ಲಿ ಮಲಗಿದ್ದವರ ಸುದ್ದಿ ಕಾರಣ ಅಲ್ವಾ? ಅದೇ ನವೆಂಬರ್‌ನಲ್ಲಿ ಪ್ರಾಂತ್ಯದಾದ್ಯಂತ 26 ಲಕ್ಷ ಹೆಕ್ಟೇರ್ ಹಳೇ ಕಾಡನ್ನು ಅಪಾಯದಲ್ಲಿದೆ ಅಂತ ಗುರುತಿಸಿ, ಅಲ್ಲೂ ಕಡಿತ ಮುಂದೂಡುವ ಪ್ರಸ್ತಾಪ ಬಂತು.

ಮುಂದೂಡಿದ್ದು ಅಂದರೆ ಉಳಿದದ್ದು ಅಂತಲ್ಲ. ಫೇರಿ ಕ್ರೀಕ್‌ನ ಗಡುವನ್ನು ಆಮೇಲೆ ವಿಸ್ತರಿಸಿದರು, ಅಷ್ಟೇ. ಮುಂದೆ ವಿಕ್ಟೋರಿಯಾದ ಪತ್ರಿಕೆಯಲ್ಲಿ 'ಇಷ್ಟು ಲಕ್ಷ ಹೆಕ್ಟೇರ್ ಹಳೇ ಕಾಡು ರಕ್ಷಿತ' ಅಂತ ಓದಿದರೆ, ಯಾವ ಹಳೇ ಕಾಡು ಅಂತ ನೋಡಿ. ಬೆಟ್ಟದ ತುದಿಯಲ್ಲಿ, ಜೌಗಿನಲ್ಲಿ ಬೆಳೆದ ಕುಳ್ಳ ಮರವೂ ಲೆಕ್ಕದಲ್ಲಿ ಹಳೇ ಕಾಡೇ. 2020ರಲ್ಲಿ ಸ್ವತಂತ್ರ ವಿಜ್ಞಾನಿಗಳು ತೆಗೆದ ಲೆಕ್ಕದಲ್ಲಿ, ಉಳಿದಿರುವ ಹಳೇ ಕಾಡಿನಲ್ಲಿ ದೊಡ್ಡ ಮರ ಬೆಳೆಯುವಂಥ ಜಾಗ ಶೇ. 3ರಷ್ಟು ಮಾತ್ರ. ಕಂಪನಿಗಳಿಗೆ ಬೇಕಾದದ್ದು ಆ ಮೂರು.